ಏಕಾದಶಿ ದಿನ ಕುದ್ದ ಆಲೂಗಡ್ಡಿ

ಒಂಬತ್ತನೇ ಕ್ಲಾಸಿಗೆ ಅಭಿಸರಣದ, ಅಂದ್ರ ಆಸ್ಮೋಸಿಸ್‌ದ, ಪಾಠ ಬಂದಾಗೆಲ್ಲ ನಾ ಮನ್ಯಾಗ ಒಂದು ಆಲೂಗಡ್ಡಿ ಕುದಿಸಿ ಶಾಲಿಗೆ ಒಯ್ತೀನಿ. "ಟೀಚರ್‌ಬಾಯಿ ಪಾಠ ಮಾಡ್ತಾರೋ ಪಲ್ಯಾ ಮಾಡ್ತಾರೋ" ಅಂತ ನಮ್ಮ ಮನಿಯವರು ಚಾಷ್ಟಿ ಮಾಡ್ತಾರ. ಮಾಡ್ಲಿ ಬಿಡ್ರಿ. ಅವ್ವ ಹೋಗಿ ಭಾಳ ವರ್ಷ ಆತು, ಆದ್ರೂ ಕುದಿಯೋ ಆಲೂಗಡ್ಡಿ ವಾಸನಿ ಬಂದ್ರ ಅಕಿನೇ ನೆಪ್ಪಾಗ್ತಾಳ.

ತೊಂಬತ್ತರ ದಶಕದಾಗ ನಾವು ಚಿತ್ತಾಪುರದಾಗಿದ್ವಿ. ಅಪ್ಪ ಗುಡಿ ಪೂಜಾ ಮಾಡ್ತಿದ್ರು, ನಾ ಹೈಸ್ಕೂಲಿಗೆ ಹೋಗ್ತಿದ್ದೆ. ಒಂದಿನ ಸಂಜಿಕೆ ನಮ್ಮ ವಿಜ್ಞಾನದ ಮಾಸ್ತರು ಕರದು ಹೇಳಿದ್ರು: "ನಾಳೆ ಸಾಹೇಬ್ರು ತಪಾಸಣಿಗೆ ಬರಾಕತ್ತಾರ. ಅಭಿಸರಣದ ಪ್ರಯೋಗ ನೀ ಮಾಡಿ ತೋರಸು. ಅವರಿಗೆ ಪಸಂದ್ ಆತಂದ್ರ ಗುಲಬರ್ಗಾದ ವಿಜ್ಞಾನ ಪ್ರದರ್ಶನಕ್ಕ ನಿನ್ನೇ ಕರಕೊಂಡು ಹೋಗ್ತೀನಿ. ದಪ್ಪನ್ವು ಎರಡು ಆಲೂಗಡ್ಡಿ, ಒಂದೀಟು ಸಕ್ರಿ ತಗೊಂಡು ಬಾ."

ಅಲ್ಲಿತನಕ ಪ್ರದರ್ಶನಕ್ಕ ಹೋದವರೆಲ್ಲ ಗಂಡುಹುಡುಗರೇ. ಮನಿಗೆ ಬಂದವಳೇ "ಅವ್ವಾ, ನಾಳೆ ಶಾಲಿಗೆ ಸಾಹೇಬ್ರು ಬರ್ತಾರ, ಎರಡು ಆಲೂಗಡ್ಡಿ, ಸಕ್ರಿ ಬೇಕು" ಅಂದು ಪುಸ್ತಕ ಹಿಡದು ಕುಂತೆ. ಯಾಕ ಬೇಕಂತ ಹೇಳಲಿಲ್ಲ.

ನಾಳೆ ಏಕಾದಶಿ ಅನ್ನೋದು ನನಗ ನೆಪ್ಪಿದ್ದಿಲ್ಲ. ಅವ್ವಗಿತ್ತು. ಆ ದಿನ ಅಕಿ ತನ್ನ ಬಾಯಾಗ ಒಂದು ಹನಿ ನೀರು ಹಾಕ್ತಿದ್ದಿಲ್ಲ. ಆದ್ರ ಉಪವಾಸ ಇದ್ದ ಮಂದಿ ಯಾರೇ ಬರಲಿ, ಫಳಾರಕ್ಕಂತ ಕುದ್ದ ಆಲೂಗಡ್ಡಿ ಕೊಡದ ಕಳಸ್ತಿದ್ದಿಲ್ಲ.

ಮರುದಿನ ಕ್ಲಾಸಿನಾಗ, ಅವ್ವ ಮುಚ್ಚಿ ಕೊಟ್ಟ ಡಬ್ಬಿ ಮಾಸ್ತರು ತೆಗದ್ರು. ಎರಡೂ ಗಡ್ಡಿ ಮೆತ್ತಗ ಕುದಿಸಿ, ಚಂದಾಗಿ ಸುಲದು, ಮ್ಯಾಲ ಜೀರಗಿ ಉದುರಿಸಿದ್ಳು.

"ಏ ಯವ್ವಾ! ಪ್ರಯೋಗಕ್ಕ ತಾ ಅಂದ್ರ ಫಳಾರ ತಂದೀಯಲ್ಲ!"

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾ ಬಿಕ್ಕಿಬಿಕ್ಕಿ ಅತ್ತೆ. ನನ್ನ ಗುಲಬರ್ಗಾ ಅಲ್ಲಿಗೇ ಮುಗೀತು ಅನಿಸ್ತು.

ಮಾಸ್ತರು ಪಾಪ, ಬಯ್ಯಲಿಲ್ಲ. ಸೈಕಲ್ ಹತ್ತಿ ಬಸ್‌ಸ್ಟ್ಯಾಂಡ್ ಕಡಿ ಭಜಿ ಅಂಗಡಿಗೆ ಹೋಗಿ ಒಂದು ಹಸಿ ಗಡ್ಡಿ ಇಸ್ಕೊಂಡು ಬಂದ್ರು. ಅದರ ಸಿಪ್ಪಿ ತೆಗದು, ನಡುವ ಕುಣಿ ತೋಡಿ, ಸಕ್ರಿ ನೀರು ಹಾಕಿ, ನೀರು ಎಲ್ಲಿತನಕ ಅದ ಅಂತ ಗುಂಡುಸೂಜಿ ಚುಚ್ಚಿ, ನೀರಿನ ತಾಟಿನಾಗ ಇಟ್ಟೆ. ಅವ್ವನ ಗಡ್ಡಿ ಒಗೀಲಿಕ್ಕ ಮನಸ್ಸಾಗಲಿಲ್ಲ. ಸಿಟ್ಟು ಅಕಿ ಮ್ಯಾಲಿತ್ತು, ಗಡ್ಡಿ ಮ್ಯಾಲಲ್ಲ. ಒಂದರ ಜೀರಗಿ ತೊಳದು, ಅದಕ್ಕೂ ಹಂಗೇ ಕುಣಿ ತೋಡಿ, ಸಕ್ರಿ ನೀರು ಹಾಕಿ ಬಾಜೂಕ ಇಟ್ಟೆ. ಮಾಸ್ತರು ನೋಡಿ "ಇರಲಿ ಬಿಡು" ಅಂದ್ರು.

ಮಧ್ಯಾಹ್ನ ಸಾಹೇಬ್ರು ಬಂದ್ರು. ಹಸಿ ಗಡ್ಡಿ ಒಳಗಿನ ನೀರು ಸೂಜಿ ದಾಟಿ ಮ್ಯಾಲ ಬಂದಿತ್ತು. ಅವರು ಅದರ ಮ್ಯಾಲ ಬರೇ ಒಮ್ಮೆ ಕಣ್ಣು ಹಾಯಿಸಿದ್ರು. ಅಂಥಾದ್ದು ಊರೂರಿಗೂ ನೋಡಿರಬೇಕು. ಆಮ್ಯಾಲ ಪೆನ್ನಿನಿಂದ ಇನ್ನೊಂದರ ಕಡಿ ತೋರಿಸಿ "ಇದ್ಯಾಕ ಏರಿಲ್ಲ?" ಅಂದ್ರು.

"ಅದು ಕುದ್ದದ್ರಿ ಸರ್. ಹಸಿ ಗಡ್ಡಿಗೆ ಜೀವ ಇರ್ತದ. ಅದರ ಜೀವಕೋಶದ ಪೊರಿ ನೀರು ಒಳಗ ಬಿಡ್ತದ, ಸಕ್ರಿ ಹೊರಗ ಬಿಡಂಗಿಲ್ಲ. ಕುದಿಸಿದ್ರ ಆ ಪೊರಿ ಕೆಡ್ತದ್ರಿ."

"ಶಹಬ್ಬಾಸ್! ಕುದ್ದದ್ದೂ ಇಟ್ಟು ತೋರಸ್ಬೇಕಂತ ಯಾರು ಹೇಳಿದ್ರು?"

"ಕುದಿಸಿದ್ದು ನಮ್ಮವ್ವರಿ" ಅಂದೆ. ಮಾಸ್ತರು ಕಿಡಕಿ ಕಡಿ ಮಾರಿ ತಿರುವಿ ನಕ್ರು. ಗುಲಬರ್ಗಾಕ್ಕ ನನ್ನ ಹೆಸರೇ ಆತು.

ಮನಿಗೆ ಓಡಿ ಬಂದೆ. ಅವ್ವ ಹೊಸ್ತಿಲದಾಗ ಕುಂತಿದ್ಳು, ಉಪವಾಸಕ್ಕ ತುಟಿ ಒಣಗಿದ್ವು. ನಾ ಬಾಯಿ ತೆಗಿಯೋದ್ರಾಗ "ಸಾಹೇಬ್ರು ಫಳಾರ ಮಾಡಿದ್ರೇನು?" ಅಂದ್ಳು.

ನಗು ತಡಕೊಳ್ಳಲಿಕ್ಕ ಆಗದ ಎಲ್ಲಾ ಹೇಳಿಬಿಟ್ಟೆ. ಅಕಿ ಮಾರಿ ಸಣ್ಣದಾತು. "ಅಯ್ಯ, ಹಸೀವು ಬೇಕಂತ ಹೇಳಬಾರದೇನ? ನನ್ನಿಂದ ನಿನ್ನ ನೋಡಿ ಮಂದಿ ನಕ್ಕರಲ್ಲ."

"ನಿನ್ನ ಗಡ್ಡಿಲಿಂದೇ ನಾ ಗುಲಬರ್ಗಾಕ್ಕ ಹೊಂಟೀನವ್ವಾ" ಅಂದೆ. ಅಕಿ ನಂಬಲಿಲ್ಲ.

ಪ್ರದರ್ಶನದ ದಿನ ನಸುಕಿನ್ಯಾಗ ಎದ್ದು ನೋಡಿದ್ರ ಒಲಿ ಮ್ಯಾಲ ಪಾತೇಲಿ ಕುದೀಲಿಕತ್ತಿತ್ತು. ಅವತ್ತು ಏಕಾದಶಿನೂ ಇದ್ದಿಲ್ಲ. ಅವ್ವ ನನ್ನ ಕೈಯಾಗ ಎರಡು ಡಬ್ಬಿ ಇಟ್ಳು.

"ಇದು ನಿನ್ನ ಪ್ರಯೋಗದ್ದು, ಜೀರಗಿ ಹಾಕಿಲ್ಲ. ಇದು ಸಾಹೇಬ್ರದು. ಈ ಸಲ ಮರೀದೇ ತಿನಿಸಿ ಬಾ."