ಭತ್ತ ಹಾಕಲು ಬಾಯಿಲ್ಲದ ಮಿಲ್ಲು

ಮಳೆ ಹಿಡಿದು ನಮ್ಮ ಮುಂಬಾಗಿಲು ಉಬ್ಬಿತ್ತು. ಹಾಕಿದರೆ ತೆಗೆಯಲು ಇಬ್ಬರು ಬೇಕು. ಮೊನ್ನೆ ಬಡಿಗ ಬಂದು ಬಾಗಿಲಿನ ಅಂಚಿಗೆಲ್ಲ ಸೀಮೆಸುಣ್ಣ ತಿಕ್ಕಿದ, ಹಾಕಿದ, ತೆಗೆದ. ಚೌಕಟ್ಟಿಗೆ ಸುಣ್ಣ ಅಂಟಿದ ಜಾಗ ನೋಡಿ, “ಇಲ್ಲಿ ಹಿಡೀತೈತ್ರಿ” ಎಂದು ಅಲ್ಲಷ್ಟೇ ಕೀಸತೊಡಗಿದ. ನನಗೆ ನಗು ತಡೆಯಲಾಗಲಿಲ್ಲ. “ಯಾಕ್ರಿ ಯಜಮಾನ್ರ, ತಪ್ಪಾತೇನ್ರಿ?” ಎಂದು ಅವನು ಮುಖ ಸಣ್ಣದು ಮಾಡಿಕೊಂಡ. ಅವನಿಗೆ ಚಹಾ ಕುಡಿಸಿ ಸಮಾಧಾನ ಮಾಡಿದೆ. ನಿಮಗೆ ಮಾತ್ರ ಕಾರಣ ಹೇಳುತ್ತೇನೆ, ಬಿಡುವಿದ್ದರೆ ಕುಳಿತುಕೊಳ್ಳಿ.

ನಮ್ಮ ಸೀಮೆ ಇನ್ನೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲ ಅದು. ನಾನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಕೊಟ್ರಪ್ಪನವರ ಅಕ್ಕಿ ಗಿರಣಿಯ ಗುಮಾಸ್ತ. ಇಂಗ್ಲಿಷ್ ಓದುತ್ತೇನೆ ಎಂಬುದು ನನ್ನ ಹೆಮ್ಮೆ. ಅರ್ಥವಾಗುತ್ತದೆ ಎಂದು ನಾನು ಯಾವತ್ತೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಒಂದು ದಿನ ಪತ್ರಿಕೆಯಲ್ಲಿ ಬಂದ ಹರಾಜಿನ ಸುದ್ದಿಯನ್ನು ಗಟ್ಟಿಯಾಗಿ ಓದಿದೆ: ಮದರಾಸಿನಲ್ಲೊಂದು ಮಿಲ್ಲಿಂಗ್ ಮಷೀನು, ಇಂಗ್ಲೆಂಡಿನದು, ಹಳೆಯದಾದರೂ ಗಟ್ಟಿ. ಗಿರಣಿಗೆ ನಾವು ಮಿಲ್ಲು ಎನ್ನುತ್ತೇವೆ. ಮಿಲ್ಲು ಮಾಡುವ ಮಷೀನು ಅಂದರೆ ಅಕ್ಕಿ ಮಾಡುವುದಲ್ಲದೆ ಮತ್ತೇನು? ಕೊಟ್ರಪ್ಪನವರು ಪರಿಚಯದ ದಲ್ಲಾಳಿಗೆ ಹೇಳಿ ಅದನ್ನು ಕೊಂಡೇಬಿಟ್ಟರು.

ಎತ್ತಿನ ಬಂಡಿಯಿಂದ ಅದನ್ನು ಇಳಿಸಿದಾಗ ಓಣಿಯೆಲ್ಲ ಸೇರಿತ್ತು. ಆನೆಮರಿಯಷ್ಟು ಕಬ್ಬಿಣ. ಮುಂದೆ ಉದ್ದನೆಯ ಮೇಜು, ಪಕ್ಕದಲ್ಲಿ ತಿರುಗಿಸುವ ಹಿಡಿಕೆ. ಕೊಟ್ರಪ್ಪನವರು ಪುಟ್ಟಿಯಲ್ಲಿ ಭತ್ತ ಹಿಡಿದು ಅದರ ಸುತ್ತ ಪ್ರದಕ್ಷಿಣೆ ಹಾಕಿದರು.

“ಲೇ, ಭತ್ತ ಎಲ್ಲಿ ಹಾಕೋದಲೇ?”

“ಒಳಗ ಎಲ್ಲೆರ ಬಾಯಿ ಇರಬಹುದ್ರಿ,” ಎಂದೆ.

ಬಾಯಿ ಸಿಗಲಿಲ್ಲ. ಸಂಡೂರಿನ ಗಣಿಯಲ್ಲಿ ಫಿಟ್ಟರ್ ಆಗಿದ್ದ ಮಸ್ತಾನ್ ಸಾಬನನ್ನು ಕರೆಸಿದೆವು. ಅವನು ಮೇಜಿನ ಮೇಲೆ ಕೈಯಾಡಿಸಿ, “ಇದು ಅಕ್ಕಿ ಮಾಡಂಗಿಲ್ರಿ. ಕಬ್ಬಿಣ ಕೊರಿಯೋ ಮಷೀನಿದು” ಎಂದ. ಓಣಿಯವರು ಕೊಟ್ರಪ್ಪನವರ ಮುಖ ನೋಡಿದರು. ಅವರು ಪುಟ್ಟಿಯನ್ನು ಮೆಲ್ಲಗೆ ನನ್ನ ಕೈಗಿತ್ತು, “ಗೊತ್ತೈತಿ. ಅದಕ್ಕ ತರಿಸೀನಿ. ವರ್ಕ್‌ಶಾಪ್ ತೆಗಿಯವ್ನ ನಾನು” ಎಂದರು. ಮನುಷ್ಯನ ಮಾನ ಹೋಗುವಾಗ ಅದು ಎಂಥ ದಾರಿ ಹಿಡಿಯುತ್ತದೆ ನೋಡಿ.

ಮಷೀನಿನ ರೋಗ ಬೇರೆಯೇ ಇತ್ತು. ಮೇಜು ಅತ್ತಿತ್ತ ಜಾರುವ ಹಾಸು ಸವೆದು, ನಡುವೆ ಬಂದಾಗ ಸಡಿಲ, ತುದಿಗೆ ಹೋದಾಗ ಬಿಗಿ. ಮಸ್ತಾನ್ ಸಾಬ್ ಕಂಬಳಿಯಲ್ಲಿ ಸುತ್ತಿ ತಂದಿದ್ದ, ಕನ್ನಡಿಯಷ್ಟು ಸಮನಾದ ಒಂದು ಕಬ್ಬಿಣದ ಪಟ್ಟಿ ತೆಗೆದ. ಅದಕ್ಕೆ ಎಣ್ಣೆಯಲ್ಲಿ ಕಲಸಿದ ನೀಲಿ ಬಣ್ಣ ತೆಳ್ಳಗೆ ಸವರಿ, ಹಾಸಿನ ಮೇಲಿಟ್ಟು ಉಜ್ಜಿದ. ಹಾಸಿನಲ್ಲಿ ಎಲ್ಲಿ ಉಬ್ಬಿದೆಯೋ ಅಲ್ಲಷ್ಟೇ ನೀಲಿ ಹತ್ತಿತು. ಹತ್ತಿದ್ದನ್ನು ಉಳಿಯಿಂದ ಕೆರೆದ. ಮತ್ತೆ ನೀಲಿ, ಮತ್ತೆ ಕೆರೆತ. ಹಾಸಿನ ತುಂಬ ನವಣೆ ಚೆಲ್ಲಿದ ಹಾಗೆ ನೀಲಿ ಚುಕ್ಕೆ ಬೀಳುವವರೆಗೂ ಇದೇ ಕೆಲಸವಂತೆ. “ಎಷ್ಟು ದಿನ ಹಿಡೀತೈತಿ?” ಎಂದರೆ, “ಕಬ್ಬಿಣಕ್ಕ ಮನಸ್ಸು ಬರಬೇಕ್ರಿ” ಎನ್ನುತ್ತಿದ್ದ. ಮಹಾ ಜಂಬದವನು. ಊಟ ಬೇಕಾದಾಗಲೆಲ್ಲ ಕಬ್ಬಿಣಕ್ಕೆ ಮನಸ್ಸು ಬರುತ್ತಿರಲಿಲ್ಲ.

ಕೊಟ್ರಪ್ಪನವರು ಮೊದಲು ನೋಡುತ್ತ ಕೂತರು, ಆಮೇಲೆ ತಾವೇ ಉಳಿ ಹಿಡಿದರು. ಅಲ್ಲಿಗೆ ಗಿರಣಿಯ ಕತೆ ಮುಗಿಯಿತು. ಪಾಪಿನಾಯಕನಹಳ್ಳಿಯಿಂದ ಭತ್ತದ ಬಂಡಿಗಳು ಬಂದು ನಿಂತಿರುತ್ತಿದ್ದವು. ಸಾಹುಕಾರರು ಹಾಸಿನ ಮೇಲೆ ಬಾಗಿ ಉಬ್ಬು ಹುಡುಕುತ್ತಿರುತ್ತಿದ್ದರು. ಉಬ್ಬಿನ ಹುಚ್ಚು ಗಿರಣಿಯಿಂದ ಮನೆಗೂ ನಡೆಯಿತು. ಹೊಸ್ತಿಲಿಗೆ ನೀಲಿ ಹಚ್ಚಿ ನೋಡಿದರು, ರೊಟ್ಟಿ ಬಡಿಯುವ ಕಲ್ಲಿಗೆ ಹಚ್ಚಿದರು. ಆ ದಿನ ಎಲ್ಲರೂ ನೀಲಿ ರೊಟ್ಟಿ ತಿಂದೆವು. ಅವರ ಹೆಂಡತಿ ಶಿವನ ಪಟದ ಮುಂದೆ ನಿಂತು, “ನಿನ್ನ ಕುತ್ತಿಗಿಯಾಗಿದ್ದದ್ದು ನಮ್ಮ ಅಡಗಿಮನಿಗೆ ಯಾಕ ಬಂತಪ್ಪಾ” ಎಂದು ಅತ್ತರು.

ಇಂಥದ್ದರಲ್ಲಿ ಮಗಳು ಗೌರಮ್ಮನನ್ನು ನೋಡಲು ಕಂಪ್ಲಿಯಿಂದ ಬೀಗರು ಬಂದರು. ದೊಡ್ಡ ಮನೆತನ. ಹುಡುಗ ಸಾಧು, ಆದರೆ ಅವನ ತಂದೆ ನಕ್ಕದ್ದನ್ನು ಕಂಡವರಿಲ್ಲ. ಆ ಮನೆಯಲ್ಲಿ ಬೆಕ್ಕೂ ಕೆಮ್ಮಿ ಒಳಗೆ ಬರುತ್ತದೆ ಎಂದು ಮಂದಿ ಆಡಿಕೊಳ್ಳುತ್ತಿದ್ದರು. ಗೌರಮ್ಮ ಬೇಡವೆಂದು ಅತ್ತಿದ್ದಳು. ಕೇಳುವವರು ಯಾರು?

ಪಡಸಾಲೆಯಲ್ಲಿ ಮಣೆ ಹಾಕಿ ಹಿರಿಯರನ್ನು ಕೂರಿಸಿದೆವು. ಮಂಡಾಳು ಒಗ್ಗರಣಿ, ಮಿರ್ಚಿ ತಿಂದದ್ದಾಯಿತು. ಕೈ ತೊಳೆಯಲು ಹುಡುಗನ ತಂದೆ ಎದ್ದು ತಿರುಗಿದರು. ಅವರ ಬಿಳಿ ಧೋತರದ ಹಿಂದೆ, ಅಂಗೈಯಗಲದ ಎರಡು ನೀಲಿ ಮುದ್ರೆ!

ಕೊಟ್ರಪ್ಪನವರು ಕಾಲಿಗೆ ಬೀಳುತ್ತಾರೆ ಎಂದುಕೊಂಡೆ. ಅವರ ಕಣ್ಣು ಬೇರೆಯೇ ಹೊಳೆಯಿತು.

“ತಡೀರಿ ಬೀಗರ, ಅಲುಗಾಡಬ್ಯಾಡ್ರಿ! ಮಸ್ತಾನಾ, ಬಾ ಇಲ್ಲಿ, ನೋಡು. ಎರಡೂ ಕಡಿ ಭೇಷ್ ಹಿಡದೈತಿ, ನಡುವ ಖಾಲಿ. ಮಣಿ ನಡುವ ತಗ್ಗೈತೋ?”

ಮಸ್ತಾನ್ ಸಾಬ್ ಬಗ್ಗಿ, ಒಂದು ಕಣ್ಣು ಮುಚ್ಚಿ ಪರೀಕ್ಷೆ ಮಾಡಿದ. “ಮಣಿ ಸಾಪ್ ಐತ್ರಿ ಸಾವ್ಕಾರ್ರ. ತಗ್ಗು ಕುಂತವರದು.”

ಬೀಗರ ಮುಖ ಕೆಂಪಾಯಿತು. “ಬಂಡಿ ಕಟ್ರಿ!” ಎಂದು ಗುಡುಗಿದರು. ಅಷ್ಟರಲ್ಲಿ ಒಳಗಿನಿಂದ ಒಂದು ನಗು ಕೇಳಿಸಿತು. ಬೀಗರ ಹೆಂಡತಿಯದು. ಸೆರಗು ಬಾಯಿಗಿಟ್ಟರೂ ನಿಲ್ಲಲಿಲ್ಲ. ಕಂಬ ಹಿಡಿದು, ಕಣ್ಣೊರೆಸಿಕೊಂಡು, ಕುಸಿದು ಕುಂತು ನಕ್ಕರು. “ಇಷ್ಟು ವರ್ಷದಾಗ ಇವರಿಗೆ ಹಿಂಗ ಹೇಳಿದವರು ಯಾರೂ ಇಲ್ರಿ. ಇದ ಮನಿ ಹುಡುಗಿ ಬೇಕು ನನಗ,” ಎಂದರು.

ಎಲ್ಲರೂ ಬೈದದ್ದು ಕೊಟ್ರಪ್ಪನವರನ್ನೇ. ಎಲ್ಲಿ ನೀಲಿ ಹಚ್ಚಿದ್ದೇನೆಂದು ಅವರಿಗೇ ನೆನಪಿರುತ್ತಿರಲಿಲ್ಲ, ಒಪ್ಪಿಕೊಂಡರು. ನೀರಿನ ತಂಬಿಗೆ ತಂದ ಗೌರಮ್ಮನ ಉಗುರಿನೊಳಗೆ ನೀಲಿ ಇದ್ದದ್ದನ್ನು ನಾನೊಬ್ಬನೇ ಕಂಡೆ. ಸಂಬಂಧ ಮುರಿಯಲೆಂದು ಹಚ್ಚಿದವಳು, ಈಗ ಆ ನಗುವ ಹೆಂಗಸಿನ ಕಡೆ ಬಾಯಿ ತೆರೆದು ನೋಡುತ್ತಿದ್ದಳು. ಆಮೇಲೆ ತಾನೂ ನಕ್ಕಳು. ಮದುವೆ ಆಯಿತು.

ಮಷೀನಿನ ಕೆರೆತವೂ ಮುಗಿಯಿತು. ಹಿಡಿಕೆಯ ತಿರುಪನ್ನು ಬಿಚ್ಚಿಟ್ಟು, ಹಾಸಿನ ಮೇಲೆ ಎಣ್ಣೆ ಹಾಕಿ ಬೆರಳಿನಿಂದ ದೂಡಿದರೆ ಸಾಕು, ಆ ಮಣಭಾರದ ಮೇಜು ಸದ್ದಿಲ್ಲದೆ ಸಾಗುತ್ತಿತ್ತು. ಕೊಟ್ರಪ್ಪನವರು ದಾರಿಹೋಕರನ್ನೆಲ್ಲ ಕರೆದು ದೂಡಿಸಿದರು. ಕಬ್ಬಿಣ ಕೊರೆಯುವ ಕಟರುಗಳು ಮಾತ್ರ ಹರಾಜಿನಲ್ಲಿ ಬಂದೇ ಇರಲಿಲ್ಲ. ತರಿಸೋಣವೆಂದರೆ ಯುದ್ಧ ಹತ್ತಿತ್ತು, ಇಂಗ್ಲೆಂಡಿನ ಹಡಗು ನಮ್ಮ ಕಟರಿಗಾಗಿ ಬರುವಂತಿರಲಿಲ್ಲ. ಹೀಗೆ ಆ ಮಷೀನು ಭತ್ತವನ್ನೂ ಮುಟ್ಟಲಿಲ್ಲ, ಕಬ್ಬಿಣವನ್ನೂ ಮುಟ್ಟಲಿಲ್ಲ.

ಗೌರಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣುಕೂಸು. ತೊಟ್ಟಿಲಲ್ಲಿ ಹಾಕಿದರೆ ಕಿರಿಚಾಟ, ಹೆಗಲಲ್ಲಿ ಕಿರಿಚಾಟ. ಮನೆಯವರು ಸೋತು ಕೂತ ಒಂದು ಮಧ್ಯಾಹ್ನ ಕೊಟ್ರಪ್ಪನವರು ಕೂಸನ್ನೆತ್ತಿಕೊಂಡು ಗಿರಣಿಗೆ ಬಂದರು. ಮೇಜಿನ ಮೇಲೆ ಕೌದಿ ಹಾಸಿ, ಕೂಸನ್ನು ಮಲಗಿಸಿ, ತೋರುಬೆರಳಿನಿಂದ ದೂಡಿದರು. ಅತ್ತ ಹೋಯಿತು, ಇತ್ತ ಬಂತು. ಕೂಸು ಒಮ್ಮೆ ಬಿಕ್ಕಿ, ಕಣ್ಣು ಮುಚ್ಚಿತು. ಮಸ್ತಾನ್ ಸಾಬ್ ಎಣ್ಣೆಡಬ್ಬಿ ಹಿಡಿದು ಬಾಗಿಲಲ್ಲೇ ನಿಂತ, ಒಳಗೆ ಬರಲು ಅಂಜಿ. ಸಾಹುಕಾರರು ಅವನ ಕಡೆ ತಿರುಗಿ ಪಿಸುಗುಟ್ಟಿದರು: “ವರ್ಕ್‌ಶಾಪ್ ನಡೀತು ನೋಡೋ.”

ಈ ಕತೆಯನ್ನು ನಾನು ಎಷ್ಟೋ ವರ್ಷ, ಒಬ್ಬ ಪೆದ್ದ ಸಾಹುಕಾರನ ಕತೆಯೆಂದೇ ಹೇಳಿ ಮಂದಿಯನ್ನು ನಗಿಸಿದ್ದೇನೆ. ಬಡಿಗ ಹೋದ ಮಾರನೆಯ ದಿನ ಕೊಟ್ರಪ್ಪನವರ ಆ ಮೊಮ್ಮಗಳು ಗುಂತಕಲ್ಲಿನಿಂದ ಬಂದು ನಮ್ಮಲ್ಲಿಗೂ ಹಣಿಕಿದಳು. ಈಗ ಅವಳ ಕೂದಲೂ ನೆರೆತಿದೆ. ಚಿಕ್ಕಂದಿನಲ್ಲಿ ಅವಳು ಎಲ್ಲಿ ಮಲಗುತ್ತಿದ್ದಳೆಂದು ಹೇಳಿದೆ. ಅವಳು ನಗಲಿಲ್ಲ. ಬಹಳ ದಿನದ ತಕರಾರೊಂದು ಬಗೆಹರಿದವಳಂತೆ ತಲೆಯಾಡಿಸಿದಳು.

“ಅದಕ್ಕ ನೋಡ್ರಿ ಕಾಕಾ, ರೈಲಿನಾಗ ನನಗ ನಿದ್ದಿನ ಹತ್ತಂಗಿಲ್ಲ. ಸಾಪ್ ಓಡಂಗಿಲ್ಲ ಅದು.”