ನಾನೇ ಬರೆಸಿದ ಪ್ಯಾರಾ

ನನ್ನ ಪ್ರಬಂಧದ ಮೊದಲ ಪ್ಯಾರಾವನ್ನು ಸೋಲಾಪುರದ ಪ್ರಾಧ್ಯಾಪಕಿ ಕಾಗದ ನೋಡದೆಯೇ ಪೂರ್ತಿ ಒಪ್ಪಿಸಿಬಿಟ್ಟಳು. ಮೈಂದರ್ಗಿಯ ಶಾಲೆಯಲ್ಲಿ ನಾನು ಕನ್ನಡ ಕಲಿಸಿದ ಹುಡುಗಿ ಅವಳು. ಐವತ್ತು ದಾಟಿ ಸಂಶೋಧನಾ ಬರವಣಿಗೆ ಕಲಿಯಲು ಹೊರಟ ನಾನು ಬಸ್ಸು ತಪ್ಪೀತೆಂದು ಹೆದರಿದ್ದೆ, ಇದಕ್ಕಲ್ಲ.

"ಅಕ್ಕೋರ, ಹತ್ತನೇದಾಗ ನೀವು ಬರೆಸಿದ್ದು. ಬಾಯಿಪಾಠ ಮಾಡಿ ಪೂರಾ ಮಾರ್ಕ್ಸ್ ತಗೊಂಡೀನಿ. ಖರೇ ಇದು ಯಾರ ಮಾತ್ರಿ?"

ನನ್ನದೇ ಎನ್ನಲು ಬಾಯಿ ತೆರೆದಾಗ ನೆನಪಾಯಿತು. ಕೆಲಸಕ್ಕೆ ಸೇರಿದ ವರ್ಷ ಹಳೆಯ ಗೈಡ್ ಪುಸ್ತಕವೊಂದರಿಂದ ಇಳಿಸಿಕೊಂಡದ್ದು. ಬರೆಸಿ ಬರೆಸಿ ನನ್ನದೇ ಆಗಿಹೋಗಿತ್ತು. ಹಾಗೆಂದೇ ಹೇಳಿದೆ.

"ಇದನ್ನ ಇಟ್ರ ಪಾಸ್ ಮಾಡಂಗಿಲ್ಲರಿ. ನಿಮಗ ಅನಿಸಿದ್ದು ಬರಕೊಂಡು ಬರ್ರಿ."

ಊರಿಗೆ ಮರಳುವಾಗ ಅಕ್ಕಲಕೋಟದ ಬಸ್ಸಿನಲ್ಲಿ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಇಳಿಯುವಷ್ಟರಲ್ಲಿ ನನ್ನವೆನ್ನಬಹುದಾದ ಮೂರು ಸಾಲು ಉಳಿದಿದ್ದವು. ಮೂರೂ ಸುಮಾರಾಗಿವೆ. ಕೋರ್ಸು ಬಿಡುವುದಿಲ್ಲ, ಈ ಸಾಲುಗಳನ್ನು ಯಾವ ಮಕ್ಕಳಿಗೂ ಬರೆಸುವುದೂ ಇಲ್ಲ.