ನೀಲಿ ಗೇಟಿನ ವಿಳಾಸ

ಮುಟಿಂಟಾ ಹಮೂಂಗಾ ಲುಸಾಕಾದ ಸ್ಥಳೀಯ ನ್ಯಾಯಾಲಯದಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಬಡಾವಣೆಗೆಲ್ಲ ಅವಳು ಬಿನಾ ಚೋಲ್ವೆ, ಅಂದರೆ ಚೋಲ್ವೆಯ ತಾಯಿ. ಗಂಡ ಸತ್ತ ಮನೆಗೆ ಅವನ ಅಣ್ಣತಮ್ಮಂದಿರು ನುಗ್ಗಿ ಪಾತ್ರೆ, ಮಂಚ, ಕಿಟಕಿಯ ಪರದೆಯನ್ನೂ ಬಿಡದೆ ಹೊತ್ತೊಯ್ಯುವ ಕಥೆಗಳನ್ನು ಕೇಳಿ ಕೇಳಿ ರೋಸಿಹೋಗಿದ್ದಳು. ಕಾನೂನಿನಲ್ಲಿ ವಿಧವೆಯ ಪಾಲು ಏನೆಂದು ತಿಳಿಸಲು ಒಂದು ವೆಬ್‌ಸೈಟ್ ತೆರೆದಳು.

ಅದರ ಹೆಸರನ್ನು ನೋಂದಾಯಿಸುವಾಗ, ಅಂಥ ಹೆಸರುಗಳನ್ನು ಮಾರುವ ಕಂಪನಿ ಮನೆ ವಿಳಾಸ ಕೇಳಿತು. ಅಂಚೆಪೆಟ್ಟಿಗೆಯ ಸಂಖ್ಯೆ ಕೊಟ್ಟರೆ ಒಪ್ಪಲಿಲ್ಲ. ಅವಳ ಬಡಾವಣೆಯಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ. ನೆಂಟರಿಗೆ ಹೇಳುವ ಹಾಗೆಯೇ ಬರೆದಳು: ನೀರಿನ ನಲ್ಲಿ ದಾಟಿ, ಹಿಟ್ಟಿನ ಗಿರಣಿಯ ಬಳಿ ಎಡಕ್ಕೆ, ನೀಲಿ ಗೇಟು, ಸಿಗದಿದ್ದರೆ ಟೊಮೆಟೊ ಮಾರುವ ಬಿನಾ ಲ್ವೇಂಡೊಳನ್ನು ಕೇಳಿ. ಇದು ವೆಬ್‌ಸೈಟ್ ಒಡೆಯರ ಬಹಿರಂಗ ಪಟ್ಟಿಗೆ ಸೇರುತ್ತದೆ, ಲೋಕದಲ್ಲಿ ಯಾರು ಬೇಕಾದರೂ ತೆಗೆದು ಓದಬಹುದು ಎಂದು ಕಂಪನಿ ಹೇಳಲಿಲ್ಲ.

ಓದಿದವರು ಲುಯಾಂಡೊ ಎಂಬ ವಿಧವೆಯ ಮೈದುನರು. ಅವರ ಕಣ್ಣು ತಪ್ಪಿಸಿ ಅವಳು ತನ್ನ ಹೊಲಿಗೆ ಯಂತ್ರದೊಂದಿಗೆ ಬಿನಾ ಚೋಲ್ವೆಯ ಹಿಂದಿನ ಕೋಣೆಯಲ್ಲಿ ಅಡಗಿದ್ದಳು. ಭಾನುವಾರ ಅವರ ವ್ಯಾನು ಗೇಟಿನ ಮುಂದೆ ನಿಂತಿತು.

“ದಾರಿ ಚೆನ್ನಾಗಿ ಬರ್ದಿದ್ದೀರಿ, ಅಮ್ಮಾ,” ಎಂದು ಹಿರಿಯವನು ಫೋನು ತೋರಿಸಿ ನಕ್ಕ. “ಟೊಮೆಟೊ ಅಜ್ಜಿ ನೀವು ಹೇಳಿದ ಜಾಗದಲ್ಲೇ ಕೂತಿದ್ಲು. ನಮ್ಮಣ್ಣನ ಮಿಷಿನ್ ಕೊಟ್ಬಿಡಿ, ಹೋಗ್ತೀವಿ.”

“ನಿಮ್ಮಣ್ಣ ಸೂಜಿಗೆ ದಾರ ಪೋಣಿಸಿದ್ದನ್ನ ಯಾವತ್ತಾದ್ರೂ ನೋಡಿದ್ದೀಯೇನಪ್ಪಾ?”

“ಮನೆ ಸಾಮಾನೆಲ್ಲಾ ಅವಂದೇ.”

“ಹೆಣ ಎತ್ತೋ ಮೊದ್ಲೇ ಮಂಚ ಎಳ್ಕೊಂಡು ಹೋದೋರು ನೀವು. ಅದ್ರ ಮೇಲೆ ನಿದ್ದೆ ಬರುತ್ತಾ?”

ಅವನ ನಗೆ ನಿಂತಿತು. “ಮಂಗಳವಾರ ಜನ ಕರ್ಕೊಂಡು ಬರ್ತೀವಿ.”

ಸಂಜೆಯೊಳಗೆ ಲುಯಾಂಡೊ ಹೊರಟಳು. ತಳ್ಳುಗಾಡಿಯಲ್ಲಿ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಶಾಲಾ ಸಮವಸ್ತ್ರಗಳು. ಎಲ್ಲಿಗೆಂದು ಬಿನಾ ಚೋಲ್ವೆ ಈ ಸಲ ಯಾರಿಗೂ ಹೇಳಲಿಲ್ಲ, ಎಲ್ಲೂ ಬರೆಯಲಿಲ್ಲ.

ಮರುದಿನ ಕಂಪನಿಗೆ ಫೋನು ಮಾಡಿದಳು.

“ವಿಳಾಸ ಮುಚ್ಚಿಡೋ ಸೌಲಭ್ಯ ಇತ್ತು ಮೇಡಂ,” ಎಂದಿತು ಒಂದು ನಯವಾದ ದನಿ. “ನೀವು ಕೇಳ್ಕೊಂಡಿರ್ಲಿಲ್ಲ.”

“ನನ್ನ ಮನೆ ಬಾಗಿಲು ಹಾಕಿ ಅಂತ ನಿಮ್ಮನ್ನ ಬೇಡ್ಕೋಬೇಕಿತ್ತಾ?”

“ಈಗ ಮುಚ್ತೀವಿ ಮೇಡಂ. ಆಗ್ಲೇ ನೋಡಿದೋರದ್ದು ಮಾತ್ರ...”

ಅವಳು ಫೋನು ಕುಕ್ಕಿದಳು. ನೋಡಬೇಕಾದವರು ಆಗಲೇ ನೋಡಿದ್ದರು. ಗುಟ್ಟು ಮುಗಿದ ಮೇಲೆ ಆ ವಿಳಾಸದಿಂದ ಬರುವ ಉಪಯೋಗ ಒಂದೇ ಉಳಿದಿತ್ತು. ಅವಳು ಸೀದಾ ಪೊಲೀಸ್ ಠಾಣೆಗೆ ನಡೆದಳು.

ಮಂಗಳವಾರ ಬೆಳಿಗ್ಗೆ ಬಿನಾ ಲ್ವೇಂಡೊ ಓಡಿಬಂದಳು. “ಅಕ್ಕಾ, ಅದೇ ವ್ಯಾನು, ಗಿರಣಿ ಹತ್ರ ದಾರಿ ಕೇಳ್ತಿದೆ. ಡ್ರೈವರ್ ಹೊಸಬ, ಮೈದುನರು ಹಿಂದೆ ಬೇರೆ ಗಾಡೀಲಿ ಬರ್ತಿದ್ದಾರಂತೆ. ಕೆರೆ ಕಡೆ ಕಳಿಸ್ಲಾ?”

“ಬೇಡ. ಸರಿಯಾಗೇ ಹೇಳು. ನೀಲಿ ಗೇಟು ಅನ್ನು.”

ಬಿನಾ ಚೋಲ್ವೆ ಗೇಟನ್ನು ಪೂರ್ತಿ ತೆರೆದು ಅಡ್ಡಲಾಗಿ ಕುರ್ಚಿ ಹಾಕಿ ಕೂತಳು. ಒಳಗೆ ಇಬ್ಬರು ಮಹಿಳಾ ಪೊಲೀಸರು ಹುರಿದ ಶೇಂಗಾ ತಿನ್ನುತ್ತ ಕಾಯುತ್ತಿದ್ದರು.